ಪಾಸುಬಟ್ಟೆ

ಇದನ್ನು ಡೈರಿಯಲ್ಲಿ ಬರೆಯುವುದಕ್ಕೂ ನನಗೆ ಸಂಕೋಚ. ಬರೆದ ಮೇಲೆ ಗೀಟು ಎಳೆದೆ, ಗೀಟಿನ ಕೆಳಗೆ ಅಕ್ಷರ ಇನ್ನೂ ಕಾಣುತ್ತದೆಯೇ ಎಂದು ಬೆಳಕಿಗೆ ಹಿಡಿದು ನೋಡಿದೆ. ಕಾಣುತ್ತದೆ. ಇರಲಿ. ವಿಷಯ ಇಷ್ಟೇ: ನಮ್ಮ ಮನೆಯಲ್ಲಿ ಎಲ್ಲರೂ ಪಾಸುಬಟ್ಟೆ ತೊಟ್ಟು ಅಪ್ಪನ ಮುಂದೆ ನಿಂತು ಒಂದಲ್ಲ ಒಂದು ಸಲ ಸಿಕ್ಕಿಬಿದ್ದಿದ್ದಾರೆ. ಅಣ್ಣ ಸಿಕ್ಕಿಬಿದ್ದಿದ್ದಾನೆ. ಅಜ್ಜಿ ಬದುಕಿದ್ದಾಗ ಸಿಕ್ಕಿಬಿದ್ದಿದ್ದಳು. ಅಮ್ಮನಂತೂ ಹೋದಾಗಲೆಲ್ಲ ಸಿಕ್ಕಿಬಿದ್ದಿದ್ದಾಳೆ. ನಾನು ಮಾತ್ರ ಒಮ್ಮೆಯೂ ಇಲ್ಲ. ಅಪ್ಪ ನನ್ನನ್ನು ನೋಡುತ್ತಾರೆ, ಚೀಟಿ ಹರಿದು ಕೊಡುತ್ತಾರೆ, ಮುಂದೆ ಹೋಗಿ ಎಂದು ಕೈ ತೋರಿಸುತ್ತಾರೆ. ಊರಿನವರು ಇದನ್ನು ನನ್ನ ಜಾಣತನವೆಂದು ಹೊಗಳುತ್ತಾರೆ. ನನಗೆ ಬೇರೆಯೇ ಯೋಚನೆ. ಗುರುತು ಸಿಗದ ಹಾಗೆ ನಾನು ಬಟ್ಟೆ ತೊಡುತ್ತೇನೋ, ಅಥವಾ ಅಪ್ಪನಿಗೆ ನನ್ನ ಗುರುತು ಮೊದಲಿನಿಂದಲೂ ಇಲ್ಲವೋ?

ನಮ್ಮೂರಿನಲ್ಲಿ ಬಹುಪಾಲು ಮನೆಗಳು ನಡೆಯುವುದು ವಿಮಾನ ಕಂಪನಿಯ ಸಂಬಳದಲ್ಲಿ. ಒಬ್ಬರು ಮೂಟೆ ಹೊರುತ್ತಾರೆ, ಒಬ್ಬರು ಮೆಟ್ಟಿಲು ತಳ್ಳುತ್ತಾರೆ, ಒಬ್ಬರು ಇಡೀ ದಿನ ಆಕಾಶ ನೋಡಿ ಮೋಡ ಬಂತು ಎಂದು ಹೇಳುತ್ತಾರೆ. ನಮ್ಮಪ್ಪ ಬೋರಲಿಂಗಯ್ಯ ಕೌಂಟರಿನಲ್ಲಿ ಕೂತು ಸೀಟಿನ ಚೀಟಿ ಕೊಡುತ್ತಾರೆ. ನೌಕರರ ಮನೆಯವರಿಗೆ ಕಂಪನಿ ಟಿಕೆಟ್ ಮಾರುವುದಿಲ್ಲ. ಮನೆಯವರ ಹತ್ತಿರ ಎಂಥ ಟಿಕೆಟ್ಟು ಎಂಬುದು ಅವರ ದೊಡ್ಡತನ. ಬದಲಿಗೆ ಪಾಸು ಕೊಡುತ್ತಾರೆ. ಆದರೆ ಪಾಸಿನಲ್ಲಿ ಹೋಗುವವರು ಪುಕ್ಕಟೆ ಹೋಗುವವರ ಹಾಗೆ ಕಾಣಬಾರದು, ಕಂಡರೆ ಕಂಪನಿಯ ಮರ್ಯಾದೆ ಹೋಗುತ್ತದೆ. ಅದಕ್ಕೇ ಪಾಸುಬಟ್ಟೆ. ಕಾಲರಿನ ಅಂಗಿ, ಮೇಲೊಂದು ಕೋಟು, ಮುಚ್ಚಿದ ಬೂಟು, ಎಲ್ಲಕ್ಕೂ ಇಸ್ತ್ರಿ. ಹೆಂಗಸರು ಕೋಟಿನೊಳಗೆ ಸೀರೆ ಉಡಬಹುದು, ಗಂಜಿ ಹಾಕಿರಬೇಕು. ಹೂ ಮುಡಿಯಬಾರದು, ಬಳೆ ಸದ್ದಾಗಬಾರದು, ಹೆಗಲ ಮೇಲೆ ಟವೆಲ್ ಇರಬಾರದು, ಕೈಚೀಲದೊಳಗಿಂದ ಹಪ್ಪಳದ ತುದಿ ಕಾಣಬಾರದು. ಟಿಕೆಟ್ ಕೊಂಡವರಿಗೆ ಈ ಯಾವ ಕಟ್ಟಳೆಯೂ ಇಲ್ಲ. ಅವರು ಚಡ್ಡಿ ಹಾಕಿಕೊಂಡು ಹವಾಯಿ ಚಪ್ಪಲಿ ಎಳೆಯುತ್ತ ಬರುತ್ತಾರೆ. ನಮ್ಮನ್ನು ಕಂಡರೆ ಕಂಪನಿಯ ಮಾಲೀಕರಿರಬೇಕೆಂದು ಕಾಲು ಮಡಚಿ ದಾರಿ ಬಿಡುತ್ತಾರೆ.

ಪಾಸುಬಟ್ಟೆಯ ಕೊನೆಯ ಗುಂಡಿ ಹಾಕಿದ ಕ್ಷಣದಿಂದ ಮನೆಯವರಿಗೆ ಗುರುತು ಸಿಗುವುದಿಲ್ಲ. ಹೊರಗಿನವರಿಗೆ ಸಿಗುತ್ತದೆ. ಇಸ್ತ್ರಿ ಅಂಗಡಿಯ ಜವರಪ್ಪ ಎಲ್ಲರನ್ನೂ ಹೆಸರು ಹಿಡಿದೇ ಕೂಗುತ್ತಾನೆ. ಹೆತ್ತವರು, ಕಟ್ಟಿಕೊಂಡವರು, ಒಡಹುಟ್ಟಿದವರು, ಮನೆಯ ನಾಯಿ, ಇಷ್ಟು ಜನಕ್ಕೆ ಮಾತ್ರ ನೀವು ಯಾರೋ ಏನೋ. ಊರು ಇದಕ್ಕೆ ಹೊಂದಿಕೊಂಡಿದೆ. ಕೊನೆಯ ಗುಂಡಿಗೆ ಮೊದಲು ಹೇಳುವುದನ್ನೆಲ್ಲ ಹೇಳಿ ಮುಗಿಸುವುದು ರೂಢಿ. "ಹಾಲು ಉಕ್ಕಿಸಬೇಡಿ, ಹಿಂದಿನ ಬಾಗಿಲು ಹಾಕಿ, ತೊಟ್ಟಿ ತುಂಬಿದ್ರೆ ನಲ್ಲಿ ನಿಲ್ಸಿ" ಎಂದು ಹೇಳುತ್ತ ಹೇಳುತ್ತ ಗುಂಡಿ ಹಾಕುತ್ತಾರೆ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮುಖ ಮುಖ ನೋಡಿಕೊಂಡು, ಒಬ್ಬರು ನಮಸ್ಕಾರ ಹೇಳಿ ಹೊರಡುತ್ತಾರೆ. ಪಕ್ಕದ ಮನೆಯ ತೋಂಟಪ್ಪನವರು ಒಂದು ಸಲ ವಿಮಾನ ರದ್ದಾಗಿ ಪಾಸುಬಟ್ಟೆಯಲ್ಲೇ ವಾಪಸು ಬಂದರು. ಅವರ ಹೆಂಡತಿ ಗೌರಕ್ಕ ಒಳಗೆ ಬಿಡದೆ ಜಗುಲಿಯ ಮೇಲೆ ಕೂರಿಸಿ, ಕಾಫಿ ಕೊಟ್ಟು, "ನಮ್ಮನೆಯವರು ಊರಲ್ಲಿಲ್ಲ, ಇನ್ನೊಂದಿನ ಬನ್ನಿ" ಎಂದು ಕಳಿಸಿದರು. ಒಂದು ಗುಂಡಿ ಬಿಚ್ಚಿದ್ದರೆ ಆಗುತ್ತಿತ್ತು. ತೋಂಟಪ್ಪನವರು ಬಿಚ್ಚಲಿಲ್ಲ. ಆ ಕಾಫಿ ತಮಗೆ ಮನೆಯಲ್ಲಿ ದಿನಾ ಸಿಗುವ ಕಾಫಿಗಿಂತ ಎಷ್ಟೋ ಮೇಲಿತ್ತು ಎಂದು ಈಗಲೂ ಹೇಳುತ್ತಾರೆ. ಕಳೆದ ತಿಂಗಳು ಅವರು ಎಲ್ಲಿಗೂ ಹೋಗುವುದಿಲ್ಲದಿದ್ದರೂ ಪಾಸುಬಟ್ಟೆ ತೊಟ್ಟು ಸ್ವಂತ ಮನೆಯ ಬಾಗಿಲು ಬಡಿದದ್ದನ್ನು ನಾನೇ ನೋಡಿದ್ದೇನೆ.

ಸರಿಯಾಗಿ ತೊಟ್ಟಿದ್ದಾರೋ ಇಲ್ಲವೋ ಎಂದು ಪರೀಕ್ಷೆ ಮಾಡುವುದು ಕೂಡ ಹಾಗೆಯೇ. ಯಾರ ಪಾಸೋ ಆ ನೌಕರನೇ ಕೌಂಟರಿನಲ್ಲಿ ಕೂತು ತನ್ನ ಮನೆಯವರನ್ನು ನೋಡಬೇಕು. ಗುರುತು ಸಿಗದಿದ್ದರೆ ಬಟ್ಟೆ ಸರಿಯಿದೆ, ವಿಮಾನ ಹತ್ತಬಹುದು. ಸಿಕ್ಕರೆ ಎಲ್ಲೋ ಏನೋ ಕೊರತೆಯಿದೆ, ಮನೆಗೆ ಹೋಗಬೇಕು. ಗುರುತು ಸಿಕ್ಕಿದ್ದನ್ನು ಮುಚ್ಚಿಡಲು ಆಗುವುದಿಲ್ಲ, ಬಾಯಿ ತಾನಾಗಿ ಬಿಟ್ಟುಕೊಡುತ್ತದೆ. ಅಣ್ಣ ಮರಿಸ್ವಾಮಿಯ ಕೋಟಿಗೆ ಒಂದು ಗುಂಡಿ ಸಡಿಲವಾಗಿದ್ದಾಗ ಅಪ್ಪ ಕೌಂಟರಿನಿಂದಲೇ, "ಗಾಡಿ ಕೀ ಎಲ್ಲಿಟ್ಯೋ?" ಎಂದರು. ಅಜ್ಜಿಯ ಬೂಟಿನ ದಾರ ಬಿಚ್ಚಿದ್ದಾಗ, "ಮಾತ್ರೆ ನುಂಗಿದ್ಯೇನವ್ವಾ?" ಎಂದರು. ಒಬ್ಬೊಬ್ಬರಿಗೂ ಒಂದೊಂದು ಮಾತು. ನನ್ನ ಗುರುತು ಸಿಕ್ಕರೆ ಅಪ್ಪನ ಬಾಯಿಂದ ಯಾವ ಮಾತು ಬರಬಹುದು ಎಂದು ಡೈರಿಯಲ್ಲಿ ಬಹಳ ಸಲ ಊಹಿಸಿ ಬರೆದಿದ್ದೇನೆ. ಊಟ, ಓದು, ನೆಗಡಿ, ಮದುವೆ. ಯಾವುದೂ ಅಪ್ಪನ ಮಾತಿನ ಹಾಗೆ ಕೇಳಿಸುವುದಿಲ್ಲ.

ಇದನ್ನೆಲ್ಲ ನಿಂತು ನೋಡುವುದಕ್ಕೆ ವಾಮದೇವ ಸಾಹೇಬರಿದ್ದಾರೆ. ಅವರು ಪ್ರಯಾಣಿಕರ ಕಡೆ ತಿರುಗಿಯೂ ನೋಡುವುದಿಲ್ಲ. ನೋಡಿದರೆ ಹೊರಗಿನವರಾದ್ದರಿಂದ ಯಾರು ಯಾರೆಂದು ತಿಳಿದುಬಿಡುತ್ತದೆ, ತಿಳಿದರೆ ತೀರ್ಪು ಕೆಡುತ್ತದೆ ಎಂದು ಅವರ ನಂಬಿಕೆ. ಕೌಂಟರಿನಲ್ಲಿ ಕೂತ ನೌಕರನ ಮುಖವನ್ನಷ್ಟೇ ದಿಟ್ಟಿಸುತ್ತ, ಕೈ ಹಿಂದೆ ಕಟ್ಟಿ ನಿಂತಿರುತ್ತಾರೆ. ಕೌಂಟರಿರುವ ಆ ದೊಡ್ಡ ಹಾಲಿನೊಳಗೆ ಅವರದೇ ಇನ್ನೊಂದು ನಿಯಮ: ಪಾಸಿರುವವರು ಯಾರೂ, ಅಂದು ಪ್ರಯಾಣವಿರಲಿ ಬಿಡಲಿ, ಸಂಬಂಧದ ಮಾತು ಆಡಬಾರದು. ಆಡಿದವರ ಪಾಸು ಅಲ್ಲೇ ರದ್ದು, ಮತ್ತೆ ಹುಟ್ಟುವುದಿಲ್ಲ. ಅಣ್ಣಾ ಸ್ವಲ್ಪ ಸರೀರಿ, ಅಕ್ಕಾ ಚೀಲ ನಿಮ್ದಾ, ಇಂಥ ಮಾತೆಲ್ಲ ಅಲ್ಲಿ ಅಪಾಯ. ಎಲ್ಲರೂ ಸರ್, ಎಲ್ಲರೂ ಮೇಡಂ. ಮಿಡ್ಲ್ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಬಾಗಿಲ ಹೊಸ್ತಿಲಿಗೆ ಕಾಲು ಎಡವಿ "ಅಯ್ಯೋ ಅಮ್ಮಾ" ಅಂದುಬಿಟ್ಟರು. ಅದು ಸಂಬಂಧದ ಮಾತೋ ನೋವಿನ ಮಾತೋ ಎಂದು ಸಾಹೇಬರು ಊಟದ ಹೊತ್ತಿನವರೆಗೂ ಯೋಚಿಸಿ, ನಮ್ಮೂರಲ್ಲಿ ಎರಡೂ ಒಂದೇ ಎಂದು ಪಾಸು ರದ್ದು ಮಾಡಿದರು. ಅಂದಿನಿಂದ ಮನೆಗಳಲ್ಲಿ ಮಕ್ಕಳಿಗೆ ಬೇಕೆಂದೇ ಚಿವುಟಿ "ಅಯ್ಯೋ ದೇವರೇ" ಅನ್ನುವುದನ್ನು ರೂಢಿ ಮಾಡಿಸುತ್ತಾರೆ.

ನನಗೆ ಆ ಹಾಲಿನಲ್ಲಿ ಏನೂ ಕಷ್ಟವಿಲ್ಲ. ನಾನು ಹೊರಗೂ ಮಾತಾಡುವುದು ಕಡಿಮೆ. ಡಿಗ್ರಿ ಮುಗಿಸಿ ಮನೆಯಲ್ಲಿದ್ದೇನೆ. ವೈವಾದ ದಿನ ನನ್ನ ಹೆಸರು ಕೇಳಿದಾಗ ಚಂಪಕಾ ಎಂದು ನಾನು ಹೇಳಿದ್ದು ಪರೀಕ್ಷಕರಿಗೆ ಕೇಳಿಸದೆ, ಹಾಜರಿ ಪುಸ್ತಕದಲ್ಲಿ ಬಂದಿಲ್ಲ ಎಂದು ಬರೆದುಕೊಂಡಿದ್ದರು. ಅಂಥವಳಿಗೆ ವರ್ಷಕ್ಕೊಂದು ಸಲ ಪಾಸಿನಲ್ಲಿ ದೊಡ್ಡಮ್ಮನ ಊರಿಗೆ ಹೋಗಿಬರುವುದೆಂದರೆ ಹಬ್ಬ. ಬೂದುಬಣ್ಣದ ಕೋಟು, ಕಪ್ಪು ಬೂಟು. ಕೋಟಿನ ಎಡಗೈ ತುದಿಯಲ್ಲಿ ಪೆನ್ನಿನ ಮಸಿ ಬಿದ್ದಿತ್ತು, ಅದರ ಮೇಲೆ ಅದೇ ಬಣ್ಣದ ದಾರದಲ್ಲಿ ಹೊಲಿದುಕೊಂಡಿದ್ದೇನೆ. ಕೌಂಟರಿನಲ್ಲಿ ಅಪ್ಪ ಬಾಯಲ್ಲಿ ದಪ್ಪ ಕಲ್ಲುಸಕ್ಕರೆ ಇಟ್ಟುಕೊಂಡು ಕೂತಿರುತ್ತಾರೆ, ಒಂದು ಕೆನ್ನೆ ಉಬ್ಬಿರುತ್ತದೆ. ಮಗಳು ಹೋಗುವ ದಿನ ಬಾಯಿ ಸಿಹಿ ಮಾಡಿಕೊಂಡು ಕೂರುವವರು ಬೇರೆ ಯಾರಿದ್ದಾರೋ ಗೊತ್ತಿಲ್ಲ. ಚೀಟಿ ಕೊಡುತ್ತಾರೆ, ಕೈ ತೋರಿಸುತ್ತಾರೆ. ಪಾಸಿನವರಿಗೆಲ್ಲ ಹಿಂದುಗಡೆ, ಕಕ್ಕಸಿನ ಪಕ್ಕ, ಇಬ್ಬರ ನಡುವಿನ ಸೀಟು ಸಿಗುವುದು ವಾಡಿಕೆ. ನನಗೆ ಅದೃಷ್ಟ, ಪ್ರತಿ ಸಲ ಕಿಟಕಿ ಪಕ್ಕ ಸಿಕ್ಕಿದೆ. ಗಾಜಿಗೆ ಹಣೆ ಒತ್ತಿ ಕೂತರೆ ಇಳಿಯುವವರೆಗೂ ಯಾರೂ ಏನೂ ಕೇಳುವುದಿಲ್ಲ. ನನ್ನ ಇಡೀ ವರ್ಷದಲ್ಲಿ ನಾನು ಸುಮ್ಮನಿರುವುದು ತಪ್ಪಲ್ಲದ ಜಾಗ ಅದೊಂದೇ.

ನಾನು ಹೋಗುವುದು ಅಮ್ಮನ ಪರವಾಗಿ. ದೊಡ್ಡಮ್ಮನ ಊರೇ ಅಮ್ಮನ ತವರು. ಅಲ್ಲಿಗೆ ಬಸ್ಸಿಲ್ಲ, ರೈಲಿಲ್ಲ. ಅಮ್ಮ ಮದುವೆಗೆಂದು ಬಂದಾಗ ಇನ್ನೂ ನೌಕರರ ಮನೆಯವಳಾಗಿರಲಿಲ್ಲವಾದ್ದರಿಂದ ಟಿಕೆಟ್ ಕೊಂಡು, ಹೂ ಮುಡಿದು, ಬಳೆ ಸದ್ದು ಮಾಡುತ್ತ ವಿಮಾನದಲ್ಲಿ ಬಂದಳು. ತಿರುಗಿ ಹೋಗಲು ಆಗಲೇ ಇಲ್ಲ. ಪಾಸುಬಟ್ಟೆಯಲ್ಲಿ ಯಾವ ಕೊರತೆಯೂ ಇಲ್ಲದಿದ್ದರೂ ಅಪ್ಪನಿಗೆ ಅಮ್ಮನ ಗುರುತು ಸಿಗುತ್ತದೆ. ನಮಗೆ ಯಾರಿಗೂ ಸಿಗುವುದಿಲ್ಲ. ಕೊನೆಯ ಗುಂಡಿ ಹಾಕಿದ ಮೇಲೆ ನಾನೇ ಎಷ್ಟೋ ಸಲ ಅವಳಿಗೆ "ಕೂತ್ಕೊಳ್ಳಿ, ಅಮ್ಮ ಈಗ ಬರ್ತಾರೆ" ಅಂದಿದ್ದೇನೆ. ಅಪ್ಪ ಮಾತ್ರ ಅವಳು ಹಾಲಿನ ಬಾಗಿಲಿಗೆ ಬರುತ್ತಿದ್ದ ಹಾಗೆ, "ಊಟ ಮಾಡ್ಕೊಂಡ್ ಬಂದ್ಯೇನೇ?" ಎನ್ನುತ್ತಾರೆ. ಕನ್ನಡಕ ತೆಗೆದಿಟ್ಟು ಕೂತರೂ ಅಷ್ಟೆ. ಒಮ್ಮೆ ಅವಳ ಸರದಿ ಬಂದಾಗ ಕಣ್ಣು ಮುಚ್ಚಿಕೊಂಡರು. ಕಣ್ಣು ಮುಚ್ಚಿಕೊಂಡೇ ಕೇಳಿದರು. ವಾಮದೇವ ಸಾಹೇಬರು ಪ್ರತಿ ಸಲ "ಗುರುತು ಸಿಕ್ತು, ಮುಂದಿನವರು" ಎನ್ನುತ್ತಾರೆ.

ಊರಿನ ಹೆಂಗಸರಿಗೆ ಇದು ಹೊಟ್ಟೆಯುರಿ. "ನಿನಗೇನಮ್ಮ ಸಿದ್ದಗಂಗಾ, ಪುಣ್ಯವಂತೆ. ನಮ್ಮನೆಯವರು ನನಗೆ ಪಾಸುಬಟ್ಟೆ ಇಲ್ದೇ ಇದ್ರೂ ಯಾರು ಅಂತ ಕೇಳ್ತಾರೆ" ಎಂದು ಗೌರಕ್ಕ ನಲ್ಲಿಯ ಹತ್ತಿರ ಹೇಳುತ್ತಿರುತ್ತಾರೆ. ಅಮ್ಮ ಕೊಡ ಕುಕ್ಕಿ, "ಪುಣ್ಯ ನೀವೇ ಇಟ್ಕೊಳ್ಳಿ ಗೌರಕ್ಕ, ನನಗೆ ನಮ್ಮಕ್ಕನ ಮನೆಗೆ ಹೋಗ್ಬೇಕು" ಎನ್ನುತ್ತಾಳೆ.

ಈ ಸಲ ದೊಡ್ಡಮ್ಮ ಫೋನ್ ಮಾಡಿದ್ದು ಬೇರೆ ಕಾರಣಕ್ಕೆ. ಫೋನು ಎತ್ತಿದ್ದು ನಾನು. ದೊಡ್ಡಮ್ಮ ಯಾವಾಗಲೂ ತಮಾಷೆಯಾಗಿಯೇ ಮಾತಾಡುವವರು. "ಏನಮ್ಮ ಮೌನಗೌರಿ, ಇದೀಯಾ? ಇದ್ರೆ ಹೂಂ ಅನ್ನು. ನಿಮ್ಮಮ್ಮನ್ನ ಕರಿ" ಎಂದರು. ಅಮ್ಮ ಒದ್ದೆ ಕೈ ಸೀರೆಗೆ ಒರೆಸಿಕೊಂಡು ಬಂದು ಫೋನು ಹಿಡಿದಳು. ಆ ಕಡೆಯ ಮಾತು ನನಗೂ ಕೇಳಿಸುತ್ತಿತ್ತು. "ಎಡಗಣ್ಣು ಹೋಯ್ತು ಕಣೇ ಗಂಗೂ. ಬಲಗಣ್ಣು ಈ ಮಳೆಗಾಲ ದಾಟಲ್ಲ ಅಂತಾರೆ ಡಾಕ್ಟ್ರು. ಹೆದರ್ಕೋಬೇಡ, ನೋವಿಲ್ಲ ಏನಿಲ್ಲ. ಅದೂ ಹೋಗೋಕ್ ಮುಂಚೆ ನಿನ್ನ ಮುಖ ಒಂದ್ಸಲ ನೋಡ್ಕೋಬೇಕು. ಫೋಟೋ ಕಳಿಸ್ಬೇಡ, ಕಾಣಲ್ಲ. ಮುಖಾನೇ ಹತ್ರ ತಂದು ತೋರಿಸ್ಬೇಕು. ಹೋದ್ಸಲ ನೋಡಿದಾಗ ನಿಂಗೆ ಮೂಗುಬೊಟ್ಟು ಹೊಸದು. ಈಗ ಹೆಂಗಿದೀಯೋ ಏನ್ ಕತೆಯೋ."

ಅಮ್ಮ ಫೋನಿಟ್ಟು, ಅರ್ಧಕ್ಕೆ ನಿಂತಿದ್ದ ಪಾತ್ರೆ ತೊಳೆದು ಮುಗಿಸಿದಳು. ಅಪ್ಪ ಮನೆಗೆ ಬಂದು ಬೂಟು ಬಿಚ್ಚುವ ತನಕ ಕಾದು, "ರೀ, ನಾನು ಹೋಗ್ತೀನಿ" ಎಂದಳು.

"ಹೋಗು" ಎಂದರು ಅಪ್ಪ.

"ನೀವು ಬಿಟ್ರೆ ತಾನೆ?"

"ನಾನೆಲ್ಲಿ ಹಿಡ್ಕೊಂಡಿದೀನೇ?"

"ಹಿಡ್ಕೊಂಡೇ ಇದೀರಿ. ಊರಲ್ಲಿರೋ ಗಂಡಸರೆಲ್ಲ ಹೆಂಡ್ತೀನ ಮರೀತಾರೆ, ನಿಮಗೊಬ್ರಿಗೆ ಏನ್ ಬಂದಿರೋದು? ಒಂದೇ ಒಂದ್ಸಲ ಯಾರೋ ಅನ್ಕೊಂಡು ಸುಮ್ನೆ ಚೀಟಿ ಹರೀರಿ. ಅಷ್ಟೂ ಆಗಲ್ವಾ?"

ಅಪ್ಪ ಬೂಟಿನೊಳಗೆ ಕಾಲುಚೀಲ ತುರುಕಿದರು. "ನಾನೇನ್ ಬೇಕು ಅಂತ ಕೇಳ್ತೀನಾ? ನಿನ್ನ ಕಂಡ ತಕ್ಷಣ ಊಟ ಆಯ್ತೋ ಇಲ್ವೋ ಅಂತ ಮೊದಲು ಅದೇ ಬರುತ್ತೆ ತಲೇಗೆ. ಏನ್ ಮಾಡ್ಲಿ" ಎಂದರು.

"ಆಗಿರುತ್ತೆ. ಊಟ ಮಾಡ್ದೆ ಯಾವತ್ತು ಬಂದಿದೀನಿ ನಾನು?" ಎಂದು ಅಮ್ಮ ಒಳಗೆ ಹೋದಳು.

ಪಾಸಿನವರು ಇಷ್ಟೇ ಸಲ ಸಿಕ್ಕಿಬೀಳಬಹುದು ಎಂದು ಕಂಪನಿಯ ಮಿತಿಯಿದೆ. ಅದು ಮುಗಿದರೆ ಆ ಹೆಸರಿಗೆ ಪಾಸಿಲ್ಲ. ಅಮ್ಮನಿಗೆ ಉಳಿದಿದ್ದದ್ದು ಒಂದೇ ಅವಕಾಶ. ಅದನ್ನು ಹಾಳು ಮಾಡಬಾರದೆಂದು ಮನೆಯವರೆಲ್ಲ ಕೂತು ಯೋಚಿಸಿದೆವು. ಅಣ್ಣ ಕೂದಲಿಗೆ ಬಣ್ಣ ಹಾಕು ಅಂದ. ಅಮ್ಮ ಹಾಕಿಸಿಕೊಂಡಳು, ಅಪ್ಪ ಅಂದು ಸಂಜೆ ಬಾಗಿಲಲ್ಲೇ "ಚೆನ್ನಾಗಿದೆ ಕಣೆ" ಎಂದರು. ಗೌರಕ್ಕ ಬಂದು, ಅಮ್ಮ ನಿಲ್ಲುವ ಭಂಗಿಯೇ ಎಡವಟ್ಟು ಎಂದು ಕಂಡುಹಿಡಿದರು. ಸೊಂಟದ ಮೇಲೆ ಒಂದು ಕೈ, ಒಂದೇ ಕಾಲಿನ ಮೇಲೆ ಭಾರ, ಯಾರೋ ಇನ್ನೂ ಪಾತ್ರೆ ಕೊಡುವುದು ತಡಮಾಡುತ್ತಿದ್ದಾರೆ ಎನ್ನುವ ಹಾಗೆ. ಅಮ್ಮನಿಗೆ ಬೇರೆ ಥರ ನಿಲ್ಲಲು ಕಲಿಸುತ್ತ ಗೌರಕ್ಕನ ಸೊಂಟವೇ ಹಿಡಿದುಕೊಂಡಿತು.

ಆಗ ಅಮ್ಮ ನನ್ನ ಕಡೆ ತಿರುಗಿದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದು ನನಗೆ ಗೊತ್ತು. "ಚಂಪೀ, ನಿನ್ನ ಕೋಟು ಕೊಡು. ಬೂಟೂ ಕೊಡು. ನಿನ್ನಂತೂ ಅವರು ಯಾವತ್ತೂ ಗುರುತು ಹಿಡಿಯಲ್ಲವಲ್ಲ" ಎಂದಳು.

ನಾನು ತಂದುಕೊಟ್ಟೆ. ಅಂದು ಡೈರಿಯಲ್ಲಿ ಜವರಪ್ಪನ ಅಂಗಡಿಯಲ್ಲಿ ಇಸ್ತ್ರಿ ಪೆಟ್ಟಿಗೆ ಹೊಸದು ತಂದಿದ್ದಾರೆ ಎಂದು ಮಾತ್ರ ಬರೆದೆ.

ಹೊರಡುವ ದಿನ ಅಪ್ಪ ಮುಂಚೆಯೇ ಕೆಲಸಕ್ಕೆ ಹೋಗಿದ್ದರು. ಅಮ್ಮನಿಗೆ ನಾನೇ ತೊಡಿಸಿದೆ. ನನ್ನ ಕೋಟು ಅವಳಿಗೆ ಭುಜದಲ್ಲಿ ಬಿಗಿ, ಕೈ ಹಿಂದಕ್ಕೆ ಎತ್ತಲು ಆಗದು. ಬೂಟು ಇನ್ನೂ ಬಿಗಿ, ಪಾದ ತುರುಕುವಾಗ ಅವಳು "ಅಯ್ಯೋ ದೇವರೇ" ಅಂದಳು. ಎದ್ದು ನಿಂತಾಗ ಬೆರಳು ನೋವಿಗೆ ಪಾದ ಎರಡೂ ಒಳಗೆ ತಿರುಗಿದವು, ಭುಜದ ಬಿಗಿಗೆ ತಲೆ ಬಗ್ಗಿತು, ಥೇಟ್ ನಾನು ನಿಲ್ಲುವ ಹಾಗೆ. ಸೊಂಟದ ಮೇಲೆ ಕೈಯಿಡಲು ಹೋದಳು, ಕೋಟು ಬಿಡಲಿಲ್ಲ. "ಸಾರು ಬೆಳಿಗ್ಗೇದು, ಬಿಸಿ ಮಾಡಿ ಹಾಕು ನಿಮ್ಮಪ್ಪಂಗೆ. ಮಾವಿನ ಮಿಡಿ ಜಾಡಿಗೆ ಒದ್ದೆ ಸೌಟು ಹಾಕ್ಬೇಡ. ನೀನು ಕೇಳ್ದೆ ಅಂತ ಅಕ್ಕಂಗೆ ಹೇಳ್ತೀನಿ. ನೀನು ಹೋಗೋದನ್ನ ನಾನು ಕಿತ್ಕೊಂಡೆ ಅಂತ ಬೇಜಾರು ಮಾಡ್ಕೋಬೇಡ ಮಗಾ, ಮುಂದಿನ ವರ್ಷ ನೀನೇ..." ಎನ್ನುತ್ತಿದ್ದಾಗ ನಾನು ಕೊನೆಯ ಗುಂಡಿ ಹಾಕಿಬಿಟ್ಟೆ. ಎದುರಿಗೆ ನನ್ನ ಕೋಟು ತೊಟ್ಟ ಯಾರೋ ಹೆಂಗಸು ನಿಂತಿದ್ದರು. "ಹೊರಡೋಣ್ವಾ ಮೇಡಂ?" ಎಂದೆ. ಅವರು ಆಗಲಿ ಎಂದರು.

ಹಾಲಿನಲ್ಲಿ ನಾನು ಗೋಡೆಯ ಪಕ್ಕ ನಿಂತೆ. ನನಗೆ ಅಂದು ಪ್ರಯಾಣವಿರಲಿಲ್ಲ, ಚೂಡಿದಾರದಲ್ಲಿದ್ದೆ. ಬಿಟ್ಟುಬರಲು ಬಂದವರು ನಿಲ್ಲುವುದು ಅಲ್ಲೇ. ಸರತಿಯಲ್ಲಿ ನನ್ನ ಕೋಟು ಒಂದೊಂದೇ ಹೆಜ್ಜೆ ಮುಂದೆ ಹೋಗುತ್ತಿತ್ತು. ಮುಂದೆ ಹವಾಯಿ ಚಪ್ಪಲಿಯ ಒಬ್ಬರು ಟಿಕೆಟ್ ತೋರಿಸಿ ಆಕಳಿಸುತ್ತ ಒಳಗೆ ಹೋದರು. ಅಪ್ಪ ಸೀಟಿನ ಪಟ್ಟಿಗೆ ಬಗ್ಗಿ ಏನೋ ಗುರುತು ಹಾಕುತ್ತಿದ್ದರು. ನನ್ನ ಸರದಿಯ ದಿನವಲ್ಲವಾದ್ದರಿಂದ ಬಾಯಲ್ಲಿ ಕಲ್ಲುಸಕ್ಕರೆ ಇರಲಿಲ್ಲ, ಎರಡೂ ಕೆನ್ನೆ ಸಮವಾಗಿದ್ದವು. ವಾಮದೇವ ಸಾಹೇಬರು ಪಕ್ಕದಲ್ಲಿ ಕೈ ಕಟ್ಟಿ ಅವರ ಮುಖವನ್ನೇ ನೋಡುತ್ತಿದ್ದರು. ಆ ಹೆಂಗಸು ಕೌಂಟರಿನ ಮುಂದೆ ಹೋಗಿ ಪಾದ ಒಳಗೆ ತಿರುಗಿಸಿ, ತಲೆ ತಗ್ಗಿಸಿ ನಿಂತರು. ಎಡಗೈಯಲ್ಲಿ ಪಾಸು ಚಾಚಿದರು. ಅಪ್ಪ ಪಾಸು ಓದುವ ಮೊದಲೇ ಕೋಟಿನ ಕೈತುದಿಯ ಹೊಲಿಗೆ ನೋಡಿದರು. ಅಲ್ಲಿಂದ ಮೇಲೆ ನೋಡಲಿಲ್ಲ.

"ಕಿಟಕಿ ಪಕ್ಕಾನೇ ಹಾಕಿದೀನಿ ಮಗಾ. ಯಾರೂ ಮಾತಾಡ್ಸಲ್ಲ" ಎಂದರು.

ಹಾಲಿನಲ್ಲಿ ಯಾರೋ ಚೀಲ ಕೆಳಗಿಟ್ಟ ಸದ್ದಾಯಿತು. ಅಪ್ಪ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು, ಅಲ್ಲಿ ಏನೋ ಇರಬೇಕಿತ್ತು ಎನ್ನುವ ಹಾಗೆ. ನನಗೆ ಹೇಳಬೇಕಾದ ಮಾತನ್ನು ಅವರು ಬೇರೆ ಯಾರಿಗೋ ಹೇಳಿಬಿಟ್ಟಿದ್ದರು. ಅದನ್ನು ಈಗ ವಾಪಸು ಹೇಗೆ ಪಡೆಯುವುದೆಂದು ನನಗೆ ತಿಳಿಯಲಿಲ್ಲ. ಗೋಡೆಗೆ ಇನ್ನಷ್ಟು ಒರಗಿ ನಿಂತೆ.

"ಗುರುತು ಸಿಕ್ತು, ಮುಂದಿನವರು" ಎಂದರು ವಾಮದೇವ ಸಾಹೇಬರು. ಹೇಳಿದ ಮೇಲೆ ಅವರಿಗೇ ಏನೋ ಹೊಳೆದು, "ಇರಿ. ಮಗಾ ಅಂದ್ರಿ. ಯಾರ ಗುರುತು ಸಿಕ್ಕಿದ್ದು ನಿಮಗೆ?" ಎಂದರು.

"ನನ್ನ ಮಗಳದು ಸಾರ್" ಎಂದರು ಅಪ್ಪ.

"ಪಾಸು ಯಾರ ಹೆಸರಲ್ಲಿದೆ?"

ಅಪ್ಪ ಆಗ ಓದಿದರು. ಓದಿ, ಎದುರಿಗಿದ್ದವರ ಮುಖ ನೋಡಿದರು. ಜೀವಮಾನದಲ್ಲಿ ಮೊದಲ ಸಲ ಅವರಿಗೆ ಆ ಮುಖ ಯಾರದೆಂದು ತಿಳಿಯಲಿಲ್ಲ. "ನಮ್ಮನೆಯವರ ಹೆಸರಲ್ಲಿದೆ ಸಾರ್. ಸಿದ್ದಗಂಗಮ್ಮ" ಎಂದರು.

"ಅಂದ್ರೆ ಹೆಂಡತಿ ಪಾಸಲ್ಲಿ ಮಗಳು ಹೊರಟಿದಾಳೆ" ಎಂದರು ಸಾಹೇಬರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವೂ ಇರಲಿಲ್ಲ. "ಗುರುತು ಸಿಗೋದು ತಪ್ಪಲ್ಲ ಬೋರಲಿಂಗಯ್ಯ. ಒಬ್ಬರ ಪಾಸಲ್ಲಿ ಇನ್ನೊಬ್ಬರು ಹೋಗೋದು ಮೋಸ. ಈ ಪಾಸು ಹೋಗುತ್ತೆ, ನಿಮ್ಮ ಕೌಂಟರೂ ಹೋಗುತ್ತೆ. ಗೊತ್ತಲ್ಲ?"

"ಗೊತ್ತು ಸಾರ್. ಆದ್ರೆ ಇದು..." ಎಂದು ಅಪ್ಪ ಆ ಹೆಂಗಸಿನ ಕೈತುದಿಯನ್ನು ಇನ್ನೊಮ್ಮೆ ನೋಡಿದರು. ನೋಡಿ ಮತ್ತೆ ಗೊಂದಲಕ್ಕೆ ಬಿದ್ದರು. ಆ ಹೆಂಗಸು ಬಾಯಿ ತೆರೆದರು, ಮುಚ್ಚಿದರು. ನಾನು ಇವರ ಹೆಂಡತಿ ಎಂದರೆ ಅದು ಸಂಬಂಧದ ಮಾತು, ಪಾಸು ಅಲ್ಲೇ ರದ್ದು. ಬಿಗಿ ಬೂಟಿನ ಚರ್ಮ ಅವರ ಬೆರಳು ಮಡಚಿದ ಕಡೆ ಉಬ್ಬಿದ್ದು ಇಲ್ಲಿಗೂ ಕಾಣುತ್ತಿತ್ತು.

ಸರತಿಯ ಹಿಂದಿನಿಂದ ತೋಂಟಪ್ಪನವರು, ಅವರು ಅಂದು ನಿಜವಾಗಿಯೂ ಎಲ್ಲಿಗೋ ಹೊರಟಿದ್ದರು, "ಸಾರ್, ಅವರು ಸಿದ್ದಗಂಗಮ್ಮನೋರೇ. ನಾನು ಪಕ್ಕದ ಮನೆಯೋನು, ನನಗೆ ಚೆನ್ನಾಗಿ ಕಾಣ್ತಿದೆ" ಎಂದರು.

"ಹೊರಗಿನವರಿಗೆ ಕಾಣೋದು ಲೆಕ್ಕಕ್ಕಿಲ್ಲ ಸರ್. ಹೊರಗಿನವರ ಮಾತು ಕೇಳೋದಾದ್ರೆ ನಾನೇ ತಿರುಗಿ ನೋಡ್ತಿದ್ದೆ" ಎಂದರು ಸಾಹೇಬರು. ಅವರು ಅಪ್ಪನ ಮುಖದಿಂದ ಕಣ್ಣು ತೆಗೆದಿರಲಿಲ್ಲ. "ನಿಮಗೆ ಮಗಳು ಒಬ್ಬಳೇನಾ?"

"ಒಬ್ಬಳೇ ಸಾರ್."

"ಸರಿ. ಹಾಗಾದ್ರೆ ಸುಲಭ. ಮಗಳು ಬೇರೆ ಎಲ್ಲಾದ್ರೂ ಇದ್ರೆ, ಇಲ್ಲಿ ನಿಂತಿರೋರು ಮಗಳಲ್ಲ. ಮಗಳಲ್ಲದೋರನ್ನ ಮಗಳು ಅಂದ್ರಿ ಅಂದ್ರೆ ನಿಮಗೆ ಗುರುತು ಸಿಕ್ಕಿಲ್ಲ. ಗುರುತು ಸಿಕ್ಕಿಲ್ಲ ಅಂದ್ರೆ ಬಟ್ಟೆ ಸರಿಯಿದೆ, ಇವರು ಹೋಗಬಹುದು. ಎಲ್ಲಿದಾಳೆ ಮಗಳು? ನಿಮ್ಮ ಗುರುತನ್ನ ಇವತ್ತು ನಂಬೋ ಹಾಗಿಲ್ಲ, ಅವಳ ಬಾಯಿಂದಲೇ ಬರಬೇಕು."

ಅಪ್ಪ ತಲೆಯೆತ್ತಿ ಹಾಲಿನಲ್ಲೆಲ್ಲ ಹುಡುಕಿದರು. ಅಷ್ಟರಲ್ಲಿ ನನ್ನ ಮುಂದೆ ದೊಡ್ಡ ಪೆಟ್ಟಿಗೆ ಹಿಡಿದ ಚಡ್ಡಿಯವರೊಬ್ಬರು ಬಂದು ನಿಂತಿದ್ದರು. ಅವರು ಎತ್ತರದ ಆಳು, ಅವರ ಹಿಂದೆ ನಾನು ಪೂರ್ತಿ ಮರೆಯಾಗಿದ್ದೆ. ಮರೆಯಾಗುವುದು ನನಗೆ ಹೊಸದಲ್ಲ. ಸುಮ್ಮನಿದ್ದರೆ ನನ್ನ ಪಾಸು ಉಳಿಯುತ್ತದೆ, ಈ ವರ್ಷವಲ್ಲದಿದ್ದರೆ ಮುಂದಿನ ವರ್ಷ, ಮತ್ತೆ ಕಿಟಕಿ, ಮತ್ತೆ ಗಾಜಿಗೆ ಹಣೆ. ಬಾಯಿ ಬಿಟ್ಟರೆ ಪಾಸು ರದ್ದು, ಅದ್ಯಾವುದೂ ಮತ್ತೆ ಇಲ್ಲ. ಅವರ ತೋಳಿನ ಸಂದಿಯಿಂದ ನೋಡಿದೆ, ನನ್ನ ಕೋಟಿನ ಕೈ ಕೌಂಟರಿನ ಮೇಲೆ ಪಾಸು ಚಾಚಿಕೊಂಡೇ ಇತ್ತು. ಆ ಕೈ ಯಾರದೆಂದು ನನ್ನ ಕಣ್ಣಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಒಂದು ಮಾತು ಅರ್ಧಕ್ಕೆ ನಿಂತಿತ್ತು ಎಂಬುದಷ್ಟು ಗೊತ್ತಿತ್ತು.

"ನಾನು" ಎಂದೆ.

ಎಂದಿನಂತೆ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಚಡ್ಡಿಯವರಿಗೆ ಮಾತ್ರ ಕೇಳಿಸಿತು, ಅವರು ತಿರುಗಿ ನೋಡಿ, ಕಂಪನಿಯ ಯಾರೋ ಇರಬೇಕೆಂದು ಪೆಟ್ಟಿಗೆ ಎಳೆದುಕೊಂಡು ದಾರಿ ಬಿಟ್ಟರು. ನನಗೂ ಕೌಂಟರಿಗೂ ನಡುವೆ ಈಗ ಯಾರೂ ಇರಲಿಲ್ಲ.

"ಯಾರದು ಮಾತಾಡಿದ್ದು?" ಎಂದರು ವಾಮದೇವ ಸಾಹೇಬರು, ಅಪ್ಪನ ಮುಖವನ್ನೇ ನೋಡುತ್ತ. "ಜೋರಾಗಿ ಹೇಳಿ. ಹೇಳೋ ಮೊದಲು ನಿಯಮ ನೆನಪಿರಲಿ."

ಅಪ್ಪ ನನ್ನನ್ನು ಕಂಡರು. ಬೇಡ ಎನ್ನುವ ಹಾಗೆ ತಲೆ ಅಲ್ಲಾಡಿಸಿದರು.

"ಅವರ ಮಗಳು ನಾನು" ಎಂದೆ, ಇಡೀ ಹಾಲಿಗೆ ಕೇಳಿಸುವ ಹಾಗೆ.